ಹಸಿರು ಗಾಡಿಯೊಳಗಿನ ಥಂಡಿ

ನಮ್ಮ ಮನೆಯ ಬೇಸಿಗೆ ನನ್ನ ಅಣ್ಣ ಮಾಳಣ್ಣನ ಕುತ್ತಿಗೆಯಿಂದ ಶುರುವಾಗುತ್ತಿತ್ತು. ಶಿವರಾತ್ರಿ ಮುಗಿದು ಎಂಟು ದಿನಕ್ಕೆ ಅವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಕುತ್ತಿಗೆಯ ಹಿಂದೆ ಅಂಗೈ ಇಟ್ಟು ನೋಡುತ್ತಿದ್ದಳು. ಅಂಗೈ ಚುರುಕ್ ಅಂದ ದಿನದಿಂದ ಮಳೆಗಾಲದವರೆಗೆ ಮನೆಯವರೆಲ್ಲರ ಬದುಕು ಬೇರೆಯೇ ಆಗುತ್ತಿತ್ತು. ಅಣ್ಣನಿಗೆ ಬೆವರು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನ ಮೈ ಹಾಗೆ. ತಲೆಯ ಮೇಲೆ ಎಣಿಸಿ ಇಟ್ಟಂತೆ ಕೂದಲು, ಬಾಯಲ್ಲಿ ನಾಲ್ಕೇ ನಾಲ್ಕು ಚೂಪು ಹಲ್ಲು. ಬಿಸಿಲಿಗೆ ಹೋದರೆ ಮೈ ಕಾದು, ಜ್ವರ ಏರಿ, ಕಣ್ಣು ಮೇಲೆ ಮಾಡಿ ಬಿದ್ದುಬಿಡುತ್ತಿದ್ದ. ಇದಕ್ಕೆ ಔಷಧ ಇಲ್ಲ, ತಣ್ಣಗಿಟ್ಟು ಕಾಪಾಡಿಕೊಳ್ಳಿ ಎಂದು ಮುಧೋಳದ ಡಾಕ್ಟರು ಹೇಳಿ ಕಳಿಸಿದ್ದರು.

ಕಾಪಾಡುತ್ತಿದ್ದದ್ದು ನಮ್ಮ ಮನೆ. ಬೀಳಗಿಯಿಂದ ಜಮಖಂಡಿಯ ಕಡೆಗೆ ಹೋಗುವಾಗ ಸಿಗುವ ಸಣ್ಣ ಊರು ನಮ್ಮದು. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಪಡಸಾಲೆ ದಾಟಿದರೆ ಅಡುಗೆಮನೆ, ಅದರ ಪಕ್ಕ ದೇವರ ಜಗಲಿ, ಜಗಲಿಗೆ ಎದುರಾಗಿ ಕಿಟಕಿಯೇ ಇಲ್ಲದ ಒಂದು ಕತ್ತಲ ಖೋಲಿ. ಹಿಂದೆ ಅದು ಜೋಳದ ಚೀಲ ಒಟ್ಟುವ ಜಾಗವಾಗಿತ್ತು, ಈಗ ಅಣ್ಣನದು. ಮಾಳಿಗೆಯ ಬೆಳಕಿಂಡಿಯಿಂದ ರೊಟ್ಟಿಯಗಲ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಆ ಬೆಳಕು ಸರಿದಂತೆ ಅವನೂ ಚಾಪೆ ಸರಿಸಿಕೊಂಡು ಓದುತ್ತಿದ್ದ. ಬಾಗಿಲಿಗೆ ಒದ್ದೆ ಚಾದರ ಕಟ್ಟಿರುತ್ತಿತ್ತು, ಒಣಗಿದೊಡನೆ ಮತ್ತೆ ತೋಯಿಸಬೇಕು. ತೋಯಿಸುವವಳು ನಾನು, ಬಾವಿಯಿಂದ ನೀರು ತರುವವಳೂ ನಾನು. ಆಗ ನನಗೆ ಹನ್ನೊಂದು ವರ್ಷ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಊರಿಗೆಲ್ಲ ಬೇಸಿಗೆಯಾದರೆ ಇವನೊಬ್ಬನಿಗೆ ಶ್ರಾವಣ. ನಾನು ಕೊಡ ಇಳಿಸಿ ಏದುಸಿರು ಬಿಡುತ್ತಿದ್ದರೆ ಅವನು ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು ಚಾಪೆಯ ಮೇಲಿಂದ ನಗುತ್ತಿದ್ದ.

"ಎಮ್ಮಿ ಕಾಯೂದು ಛಲೋ ಕೆಲಸ ಲೇ ಲಗಮಿ. ಎಮ್ಮಿ ಓದ್ತಿರತೈತಿ, ನೀ ನೀರ ಹಾಕ್ತಿರು."

ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಆಗುತ್ತಿರಲಿಲ್ಲ. ಮನೆಯಲ್ಲಿ ನಗುತ್ತಿದ್ದವನು ಅವನೊಬ್ಬನೇ. ಅಪ್ಪ ಮತ್ತು ಆಯಿ, ಅಂದರೆ ಅಪ್ಪನ ತಾಯಿ, ಒಬ್ಬರಿಗೊಬ್ಬರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಮ್ಮದು ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಹಿನ್ನೀರು ಬಂದು ಕುರಿ ಮೇಯುವ ನೆಲ ಮುಳುಗಿದ ಮೇಲೆ ಅಪ್ಪ ಹಿಂಡು ಮಾರಿ, ಜಮಖಂಡಿಯಲ್ಲಿ ಫ್ರಿಜ್ ರಿಪೇರಿ ಕಲಿತ. ಥಂಡಾ ಮಾರುವ ಅಂಗಡಿಗಳ ಫ್ರಿಜ್ಜು, ಸಕ್ಕರೆ ಫ್ಯಾಕ್ಟರಿಯ ಆಫೀಸಿನ ಏಸಿ, ಎಲ್ಲಕ್ಕೂ ಅವನನ್ನೇ ಕರೆಯುತ್ತಿದ್ದರು. ಆಯಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದು ದಿನ ಅಣ್ಣ ಜ್ವರದಲ್ಲಿ ಬಿದ್ದಿದ್ದಾಗ ಅವಳು ಅಪ್ಪನ ಮುಖಕ್ಕೇ ಅಂದುಬಿಟ್ಟಳು.

"ದೇವರು ಮೊದಲ ತಿಳಕೊಂಡಿದ್ದ, ನೀ ಕುರಿ ಬಿಟ್ಟು ಥಂಡ ಮಾರಾಕ ಹೊಕ್ಕಿ ಅಂತ. ಅದಕ್ಕ ನಿನ್ನ ಮಗನ ಬೆವರ ಕಸಗೊಂಡ."

ಅಪ್ಪ ಉಣ್ಣುತ್ತಿದ್ದವನು ಕೈ ತೊಳೆದು ಎದ್ದ. ಅವನು ಆಡಿದ್ದು ಎರಡೇ ಮಾತು, ಅದೂ ಅವ್ವನ ಕಡೆ ನೋಡಿ.

"ಇನ್ನೊಮ್ಮೆ ಈ ಮನ್ಯಾಗ ನನ್ನ ಮಗನ ಮೈಗೂ ಆ ಜಗಲಿಗೂ ಗಂಟ ಹಾಕಿದ್ರ, ಜಗಲಿ ಇರಬೇಕು ಇಲ್ಲಾ ನಾ ಇರಬೇಕು. ಹೇಳಿಬಿಡು ಆಕಿಗೆ."

ಅಂದಿನಿಂದ ಅವರ ಮಾತುಕತೆಯೆಲ್ಲ ನನ್ನ ಮೂಲಕ. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು, ಲಗಮಿ ನಿನ್ನ ಆಯಿಗೆ ಗುಳಿಗೆ ತಗೋ ಅನ್ನು, ಲಗಮಿ ನಿಮ್ಮಪ್ಪಗ ರೊಟ್ಟಿ ಆರಾಕತ್ತಾವು ಅನ್ನು, ಎನ್ನುತ್ತಿದ್ದರು. ನಾನು ನಡುವೆ ನಿಂತು ಕೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ. ಹೇಳುವಾಗ ಮಾತಿನ ಖಾರ ಸ್ವಲ್ಪ ಕಡಿಮೆ ಮಾಡುವುದನ್ನೂ ಕಲಿತಿದ್ದೆ. ಯಾವುದನ್ನು ಹೇಳಬೇಕು, ಯಾವುದನ್ನು ನುಂಗಬೇಕು ಅನ್ನುವ ಲೆಕ್ಕಾಚಾರ ನನಗೆ ಹತ್ತಿದ್ದು ಅಲ್ಲಿಯೇ. ಅದು ಒಳ್ಳೆಯ ಚಟವಲ್ಲ.

ಅಣ್ಣ ಹತ್ತನೇ ಇಯತ್ತೆ. ಅವನ ಓರಿಗೆಯವರೆಲ್ಲ ಹಿಂದಿನ ವರ್ಷವೇ ಮುಗಿಸಿದ್ದರು. ಪರೀಕ್ಷೆಯ ಕೇಂದ್ರ ಜಮಖಂಡಿ. ಹಳೇ ರಸ್ತೆ ಹಿನ್ನೀರಿನಲ್ಲಿ ಮುಳುಗಿದ್ದರಿಂದ ಬಸ್ಸು ಸುತ್ತು ಹಾಕಿ ಹೋಗುತ್ತಿತ್ತು. ಬೆಳಿಗ್ಗೆ ಹೋಗುವುದು ಕಷ್ಟವಿರಲಿಲ್ಲ. ಪರೀಕ್ಷೆ ಬರೆಯುವ ಸಾಲೆಯೂ ಕಲ್ಲಿನ ಕಟ್ಟಡ, ಒಳಗೆ ತಂಪು. ಕಷ್ಟವಿದ್ದದ್ದು ನಡುಮಧ್ಯಾಹ್ನ ವಾಪಸು ಬರುವುದರಲ್ಲಿ. ಹಿಂದಿನ ವರ್ಷ ಎರಡನೇ ಪೇಪರಿನ ದಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತುಬಿಟ್ಟಿತು. ತಗಡಿನ ಬಸ್ಸಿನಲ್ಲಿ ಅಣ್ಣ ಕಾದು ಕೆಂಡವಾದ. ಬಾಟಲಿಯ ನೀರೆಲ್ಲ ತಲೆಗೆ ಸುರಿದದ್ದಾಯಿತು. ಕೊನೆಗೆ ಅವನ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಜೊತೆಗಿದ್ದ ಅವ್ವ ಅವನನ್ನು ಎತ್ತಿಕೊಂಡು ಬಸ್ಸಿಳಿದು, ಯಾರದೋ ಹೊಲದ ನೀರಿನ ಕಾಲುವೆಯಲ್ಲಿ ಮಲಗಿಸಿ, ತಾನೂ ಅದರಲ್ಲೇ ಕೂತಳು. ಪರೀಕ್ಷೆ ಅಲ್ಲಿಗೆ ಮುಗಿಯಿತು. ಜಮಖಂಡಿಯಲ್ಲಿ ಉಳಿಸೋಣವೆಂದರೆ ಅಲ್ಲಿ ನಮ್ಮವರದು ಪತ್ರಾಸಿನ, ಅಂದರೆ ತಗಡು ಹೊದಿಸಿದ ಮನೆ, ಮಧ್ಯಾಹ್ನ ಕರೆಂಟೂ ಇಲ್ಲ. ಅವ್ವ ಆ ಕಾಲುವೆಯಿಂದ ಎದ್ದು ಬಂದವಳು ಮೊದಲಿನ ಅವ್ವನಾಗಿರಲಿಲ್ಲ.

"ಸಾಲಿ ಬ್ಯಾಡ, ಪರೀಕ್ಷಾ ಬ್ಯಾಡ. ಹುಡುಗ ಕಣ್ಣ ಮುಂದ ಇದ್ರ ಸಾಕ ನನಗ."

"ಈ ಖೋಲ್ಯಾಗ ಎಷ್ಟ ವರ್ಷ ಕುಂದರಸ್ತಿ?" ಅಪ್ಪ ಕೇಳಿದ. "ನಾ ಸತ್ತ ಮ್ಯಾಲ ಚಾದರ ತೋಸಾವರ ಯಾರು? ಕೂಲಿ ಮಾಡೂ ಮೈ ಅಲ್ಲ ಅದು. ಓದಿದ್ರ ನೆರಳಾಗ ಕುಂತು ಮಾಡೂ ಕೆಲಸ ಸಿಗತೈತಿ."

ಈ ಮಾತು ವರ್ಷವಿಡೀ ನಡೆಯಿತು. ಫೆಬ್ರವರಿಯಲ್ಲಿ ಅಪ್ಪ ರಬಕವಿಯ ಸೀರೆ ವ್ಯಾಪಾರದ ಸಾವಕಾರರೊಬ್ಬರ ಮನೆಗೆ ಫ್ರಿಜ್ ರಿಪೇರಿಗೆ ಹೋದ. ಅಲ್ಲಿ ಸೀರೆ ಗಂಟುಗಳ ಗೋದಾಮಿನಲ್ಲಿ ಅವರ ತಂದೆಯ ಕಾಲದ ಹಸಿರು ಬಣ್ಣದ ವಿಲಾಯತಿ ಕಾರು ನಿಂತಿತ್ತು. ಉದ್ದಕ್ಕೆ ಎರಡು ಎತ್ತಿನ ಬಂಡಿಯಷ್ಟು. ಪ್ರತಿ ಅಮಾವಾಸ್ಯೆಗೆ ಪೂಜೆ ಮಾಡಿ ಒಂದು ಸುತ್ತು ಓಡಿಸಿ ನಿಲ್ಲಿಸುತ್ತಿದ್ದರು, ಹಾಗಾಗಿ ಎಂಜಿನ್ನು ಜೀವಂತವಿತ್ತು. ಅದಕ್ಕೆ ಏಸಿ ಇತ್ತು. ಇಪ್ಪತ್ತು ವರ್ಷದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಆ ಕಾಲಕ್ಕೆ ನಮ್ಮ ಸುತ್ತಿನಲ್ಲಿ ಏಸಿ ಇರುವ ಬಾಡಿಗೆ ಗಾಡಿ ಎಂಬುದೇ ಇರಲಿಲ್ಲ. ಅಪ್ಪ ಬಾನೆಟ್ಟು ಎತ್ತಿಸಿ ನೋಡಿದನಂತೆ. ಫ್ರಿಜ್ಜಿನಲ್ಲಿದ್ದದ್ದೇ ಇದರಲ್ಲೂ ಇತ್ತು, ಅದೇ ಗ್ಯಾಸು, ಅದೇ ಕಂಪ್ರೆಸರು, ಆಕಾರ ಮಾತ್ರ ದೊಡ್ಡದು. ಏಸಿ ಮಾಡಿಕೊಡುತ್ತೇನೆ, ಕೂಲಿ ಬೇಡ, ಪರೀಕ್ಷೆ ಮುಗಿಯುವ ತನಕ ಗಾಡಿ ಕೊಡಿ ಎಂದು ಕೇಳಿದ. ಸಾವಕಾರರು ಒಪ್ಪಿದರು. ಅವ್ವನೂ ಒಪ್ಪಿದಳು, ಆದರೆ ಒಂದು ಕರಾರು ಹಾಕಿ.

"ಗಾಡ್ಯಾಗ ನಾ ಕುಂತ ನೋಡ್ತೀನಿ. ಒಂದ ತಾಸು ಬಿಡದಂಗ ಥಂಡ ಬಂದ್ರ ಕಳಸ್ತೀನಿ. ಇಲ್ಲಂದ್ರ ಹುಡುಗ ಹೊಸ್ತಿಲಾ ದಾಟಾಂಗಿಲ್ಲ. ಆಮ್ಯಾಲ ಈ ಮಾತ ಮತ್ತ ತಗೀಬ್ಯಾಡ್ರಿ."

ಗಾಡಿ ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಮೊದಲು ಕುರಿ ನಿಲ್ಲುತ್ತಿದ್ದ ಜಾಗ ಅದು. ಅಪ್ಪ ಕಂಪ್ರೆಸರು ಬಿಚ್ಚಿ ಅದರ ಸೀಲು ಬದಲಿಸಿದ. ಒಣಗಿ ಬಿರುಕು ಬಿಟ್ಟ ಪೈಪುಗಳನ್ನು ಕಿತ್ತು ಹೊಸವು ಕಟ್ಟಿದ. ಗಾಡಿಯ ಮೂತಿಯ ಹತ್ತಿರ ಜಾಲರಿಯಂಥ ಭಾಗವೊಂದಿತ್ತು. ಬಿಸಿ ಹೊರಗೆ ಹೋಗಬೇಕಾದದ್ದು ಅದರಿಂದಲೇ. ಅದರ ತೆಳು ತಗಡುಗಳೆಲ್ಲ ಮಡಿಚಿ ಮುಚ್ಚಿಹೋಗಿದ್ದವು. ಅವನ್ನು ನೆಟ್ಟಗೆ ಮಾಡಿದವಳು ಅವ್ವ, ತನ್ನ ಕೊಂಬಿನ ಹಣಗಿಯಿಂದ, ನನ್ನ ತಲೆಯ ಸಿಕ್ಕು ಬಿಡಿಸುವ ಹಾಗೆಯೇ, ಮೂರು ದಿನ. ಗಾಡಿ ಸರಿಯಾಗಬಾರದು ಎಂದು ಅವಳಿಗೆ ಇತ್ತೋ ಆಗಲಿ ಎಂದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಲಸ ಮಾತ್ರ ಒಂದು ತಗಡು ಬಿಡದೆ ಮಾಡಿದಳು. ಗ್ಯಾಸು ಸೋರುತ್ತದೋ ನೋಡಲು ಸಾಬೂನಿನ ನೊರೆ ಹಚ್ಚುವುದು, ಹಳೇ ಫ್ರಿಜ್ಜಿನ ಕಂಪ್ರೆಸರಿನಿಂದಲೇ ಮಾಡಿದ ಪಂಪಿನಿಂದ ಪೈಪಿನೊಳಗಿನ ಗಾಳಿ ಎಳೆಯುವುದು, ಇವನ್ನೆಲ್ಲ ಅಪ್ಪ ಬಾಯಿ ಬಿಡದೆ ಮಾಡುತ್ತಿದ್ದ. ಯಾಕೆ ಎಂದು ಕೇಳಿದರೆ, ನೋಡು, ಗೊತ್ತಾಗತೈತಿ, ಅನ್ನುತ್ತಿದ್ದ. ಅವನಿಗೆ ಹೇಳಿಕೊಟ್ಟವರೂ ಹಾಗೆಯೇ ಕಲಿಸಿದ್ದರು.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಬೆಳಗಾವಿಯಿಂದ ಒಂದು ಡಬ್ಬಿ ಬಂತು. ಚೊಂಬಿನ ಗಾತ್ರದ, ಕರಿ ಬಣ್ಣದ, ಎರಡು ಮೂತಿಯ ಡಬ್ಬಿ. ಎರಡೂ ಮೂತಿಗೆ ರಬ್ಬರಿನ ಮುಚ್ಚಳ ಬಿಗಿದಿತ್ತು. ಅದರ ಹೆಸರು ಡ್ರೈಯರ್ ಎಂದಷ್ಟೇ ಅಪ್ಪ ಹೇಳಿದ.

"ಇದನ್ನ ಯಾರೂ ಮುಟ್ಟಬ್ಯಾಡ್ರಿ. ಎಲ್ಲಾ ಜೋಡಿಸಿದ ಮ್ಯಾಲ ಕಡೀಕ ಇದರ ಬಾಯಿ ಬಿಚ್ಚೂದು."

ಯಾಕೆ ಎಂದು ಹೇಳಲಿಲ್ಲ. ಮರುದಿನ ರವಿವಾರ, ಬೀರಪ್ಪನ ವಾರ. ಅಪ್ಪ ಜಮಖಂಡಿಗೆ ಹೋಗಿದ್ದ. ಅವ್ವ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ, ಕುಡಗೋಲಾಗಲಿ ಗಡಿಗೆಯಾಗಲಿ ಪಠ್ಯಪುಸ್ತಕವಾಗಲಿ, ಮೊದಲು ಜಗಲಿಯ ಮೇಲಿಟ್ಟು ಭಂಡಾರ, ಅಂದರೆ ಬೀರಪ್ಪನ ಅರಿಶಿನ ಪುಡಿ, ಹಚ್ಚದೆ ಬಳಸುತ್ತಿರಲಿಲ್ಲ. ಆ ವಸ್ತುವಿಗೆ ಬಾಯಿ ಇದ್ದರೆ ತೆರೆದೇ ಇಡಬೇಕು. ಬಾಯಿ ಮುಚ್ಚಿ ಇಟ್ಟರೆ ದೇವರಿಂದ ಏನೋ ಬಚ್ಚಿಟ್ಟ ಹಾಗೆ. ಆಯಿ ಸ್ನಾನ ಮಾಡಿ ಬಂದು ಜಗಲಿಯ ಮುಂದೆ ಕೂತು ನನ್ನನ್ನು ಕರೆದಳು.

"ಲಗಮಿ, ಆ ಕರೀ ಡಬ್ಬಿ ತಗೊಂಡ ಬಾ. ನಿಮ್ಮಪ್ಪ ದೇವರಿಗೆ ತೋರಸಾಂಗಿಲ್ಲ. ಹುಡುಗನ ಜೀವದ ಕೆಲಸ ಇದು, ಹಂಗ ಬಿಡಾಕ ಬರಾಂಗಿಲ್ಲ."

"ಅಪ್ಪ ಮುಟ್ಟಬ್ಯಾಡ ಅಂದಾನ, ಆಯಿ."

"ಮುಟ್ಟಿದ್ರ ಸವಿತೈತೇನ? ಸಂಜಿಕ ಇದ್ದಲ್ಲೇ ಇಡು."

ನಾನು ಅಟ್ಟದಿಂದ ತಂದೆ. ಮುಚ್ಚಳ ತೆಗೆದವಳು ನಾನೇ. ಮೊದಲನೆಯದು ಬಿಚ್ಚಿದಾಗ ಒಳಗಿನಿಂದ ಉಸ್ ಎಂದು ಸಣ್ಣ ಉಸಿರು ಬಂತು. ಭಯವಾಯಿತು, ಆದರೂ ಎರಡನೆಯದನ್ನೂ ಬಿಚ್ಚಿದೆ. ಆಯಿ ಹೇಳಿದಳೆಂದು ಮಾತ್ರ ಬಿಚ್ಚಿದೆ ಅಂದರೆ ಸುಳ್ಳಾಗುತ್ತದೆ. ಇಡೀ ಮನೆ ಆ ಗಾಡಿಯ ಸುತ್ತ ತಿರುಗುತ್ತಿತ್ತು, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅದರಲ್ಲಿ ನನ್ನ ಕೈಯೂ ಒಂದು ಇರಲಿ ಅನ್ನಿಸಿತ್ತು. ಆಯಿ ಎರಡೂ ಮೂತಿಗೆ ಭಂಡಾರ ಹಚ್ಚಿ, ತುಂಬಿದ ಕೊಡದ ಮಗ್ಗುಲಿಗೆ ಇಟ್ಟು ಕೈ ಮುಗಿದಳು. ಡಬ್ಬಿ ಸಂಜೆಯವರೆಗೆ ಅಲ್ಲೇ ಇತ್ತು. ಆಮೇಲೆ ನಾನು ನನ್ನ ಲಂಗದ ಅಂಚಿನಿಂದ ಭಂಡಾರ ಒರೆಸಿ, ಮುಚ್ಚಳ ಒತ್ತಿ, ಅಟ್ಟಕ್ಕೆ ಇಟ್ಟುಬಂದೆ. ಎದುರಿನ ಖೋಲಿಯ ಚಾದರ ಒಣಗಿ ಒಂದು ಬದಿಗೆ ಸರಿದಿತ್ತು, ಆ ದಿನ ತೋಯಿಸಲು ಮರೆತಿದ್ದೆ. ಒಳಗೆ ಅಣ್ಣ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದ.

ಶುಕ್ರವಾರ ಎಲ್ಲ ಜೋಡಿಸಿ ಗ್ಯಾಸು ತುಂಬಿದ್ದಾಯಿತು. ಸೋಮವಾರ ಮೊದಲ ಪೇಪರು. ಮಧ್ಯಾಹ್ನ ಎರಡು ಗಂಟೆಯ ಸುಡುಬಿಸಿಲಿನಲ್ಲಿ ಅಪ್ಪ ಗಾಡಿ ಶುರು ಮಾಡಿದ. ಮುಂದೆ ಅವ್ವ, ಹಿಂದೆ ಅಣ್ಣ ಮತ್ತು ನಾನು. ಆಯಿ ಬರಲಿಲ್ಲ, ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಮೊದಲು ಹಳೇ ಧೂಳಿನ ವಾಸನೆ ಬಂತು. ಆಮೇಲೆ ಅಪ್ಪ ಏನೋ ಒಂದು ಗುಂಡಿ ತಿರುವಿದ, ಮುಂದಿನ ಮೂರು ಗುಂಡನೆಯ ಜಾಲರಿಗಳಿಂದ ಥಂಡಿ ಗಾಳಿ ಬಂದು ಮುಖಕ್ಕೆ ಬಡಿಯಿತು. ಅಂಥ ಗಾಳಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಣ್ಣ ತಲೆಯ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಡುಮಧ್ಯಾಹ್ನ ಅವನ ಬರಿ ತಲೆಯನ್ನು ನೋಡಿದ್ದು ನಾನು ಅದೇ ಮೊದಲು. ಅವ್ವ ಹಿಂದೆ ತಿರುಗಿ ಅವನ ಕುತ್ತಿಗೆಗೆ ಅಂಗೈ ಇಟ್ಟಳು, ಇಟ್ಟ ಕೈಯನ್ನು ಎಷ್ಟೋ ಹೊತ್ತು ತೆಗೆಯಲಿಲ್ಲ. ಇಪ್ಪತ್ತು ನಿಮಿಷ ಕಳೆದಿರಬೇಕು. ಗಾಳಿ ಬರುತ್ತಲೇ ಇತ್ತು, ಥಂಡಿ ಹೋಯಿತು. ಇನ್ನೈದು ನಿಮಿಷಕ್ಕೆ ಒಲೆಯ ಬಾಯಿಯಿಂದ ಬಂದಂಥ ಗಾಳಿ. ಅವ್ವ ಬಾಗಿಲು ತೆಗೆದು, ಅಣ್ಣನ ಕೈ ಹಿಡಿದು ಇಳಿಸಿಕೊಂಡು, ಖೋಲಿಗೆ ಕರೆದುಕೊಂಡು ಹೋದಳು.

ಒಂದು ತಾಸು ನಿಲ್ಲಿಸಿ ಶುರು ಮಾಡಿದರೆ ಮತ್ತೆ ಥಂಡಿ, ಇಪ್ಪತ್ತು ನಿಮಿಷಕ್ಕೆ ಮತ್ತೆ ಬಿಸಿ. ಶನಿವಾರ ಇಡೀ ಮುಂಜಾನೆ ಹೀಗೇ ಆಯಿತು. ಅಪ್ಪ ಮೊದಲು ಕಂಪ್ರೆಸರನ್ನು ಬೈದ, ಆಮೇಲೆ ತನ್ನನ್ನೇ ಬೈದುಕೊಂಡ. ಮಧ್ಯಾಹ್ನ ಏನು ಹೊಳೆಯಿತೋ, ಥಂಡಿ ನಿಂತ ಹೊತ್ತಿಗೆ ಸರಿಯಾಗಿ ಅವ್ವನ ಹತ್ತಿರ ಒಂದು ಚೊಂಬು ಕುದಿಯುವ ನೀರು ಇಸಿದುಕೊಂಡು, ಪೈಪು ಸಣ್ಣದಾಗುವ ಜಾಗದಲ್ಲಿದ್ದ ವಾಲ್ವಿನ ಮೇಲೆ ಸುರಿದ. ಸುರಿದ ಕ್ಷಣಕ್ಕೆ ಥಂಡಿ ವಾಪಸು ಬಂತು. ಅಪ್ಪ ಚೊಂಬು ಹಿಡಿದು ಹಾಗೇ ನಿಂತ.

"ಒಳಗ ನೀರ ಐತಿ," ಅಂದ. "ಗ್ಯಾಸಿನ ಕೂಡ ನೀರಿನ ಪಸಿ ಓಡಾಡಾಕತ್ತೈತಿ. ಈ ಸಣ್ಣ ಬಾಯಾಗ ಬಂದು ಬರ್ಫ ಆಗಿ ಕುಂದರತೈತಿ. ಅದಕ್ಕ ಥಂಡ ನಿಲ್ಲತೈತಿ. ಆದ್ರ ನೀರ ಬಂತೆಲ್ಲಿಂದ? ಪೈಪ ಒಣಗಿಸೇನಿ. ಪಸಿ ಹೀರಾಕಂತನ ಡ್ರೈಯರ್ ಹಾಕೂದು, ಅದೂ ಹೊಸಾದು, ಸೀಲ್ ಇದ್ದದ್ದು. ಹವಾ ತಾಗಿದ್ರ ಮಾತ್ರ ಅದು ಕೆಡೂದು."

ಅವ್ವ ಚೊಂಬು ಇಸಿದುಕೊಂಡಳು.

"ಎಲ್ಲಿಂದರ ಬರಲಿ. ಕರಾರ ನೆನಪೈತಲ್ಲ? ನಾಳಿ ಗಾಡಿ ಕೊಟ್ಟ ಬರ್ರಿ."

"ನೀರ ಎಲ್ಲೈತಿ ಅಂತ ಗೊತ್ತಾದ್ರ ತಗಿಬಹುದು. ಸಿಲಿಂಡರ್‌ದಾಗ ಇನ್ನೊಂದ ಸಲಕ್ಕಷ್ಟ ಗ್ಯಾಸ ಉಳದೈತಿ. ಸುಮ್ಮ ಕತ್ತಲಾಗ ಹುಡಕಾಕ ಆಗಾಂಗಿಲ್ಲ."

ನಾನು ಬೇವಿನ ಗಿಡಕ್ಕೆ ಒರಗಿ ನಿಂತಿದ್ದೆ. ನೀರು ಎಲ್ಲಿಂದ ಬಂತು ಎಂದು ಆ ಅಂಗಳದಲ್ಲಿ ನನಗೆ ಗೊತ್ತಿತ್ತು, ಹೊಸ್ತಿಲ ಮೇಲೆ ಕೂತ ಆಯಿಗೆ ಗೊತ್ತಿತ್ತು. ಆಯಿ ನೂಲುತ್ತಿದ್ದ ಉಣ್ಣೆಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಹೇಳು ಅನ್ನುತ್ತಿದ್ದಳೋ ಬೇಡ ಅನ್ನುತ್ತಿದ್ದಳೋ ತಿಳಿಯಲಿಲ್ಲ. ಹೇಳಿದರೆ ಜಗಲಿಯ ಹೆಸರು ಬರುತ್ತದೆ. ಜಗಲಿ ಇರಬೇಕು ಇಲ್ಲಾ ನಾ ಇರಬೇಕು ಎಂದ ಅಪ್ಪನ ಮಾತು ಬರುತ್ತದೆ. ಹೇಳದಿದ್ದರೆ ಅಣ್ಣ ಆ ಖೋಲಿಯಿಂದ ಹೊರಗೆ ಬರುವುದೇ ಇಲ್ಲ.   ಎರಡು ವರ್ಷ ಇಬ್ಬರ ನಡುವೆ ಮಾತು ಸಾಗಿಸಿದ ನಾನು, ನನ್ನದೇ ಆದ ಒಂದು ಮಾತು ಆಡಬೇಕಾಗಿ ಬಂದಾಗ ಮೂಕಿಯಾದೆ. ಅಪ್ಪ ಗಾಡಿಯ ಕೀಲಿ ಜೇಬಿಗೆ ಹಾಕಿಕೊಂಡ. ಆಗ ಒದ್ದೆ ಟವೆಲ್ಲು ಹೊದ್ದುಕೊಂಡು ಅಣ್ಣ ಹೊರಗೆ ಬಂದ, ಆ ಬಿಸಿಲಿಗೆ.

"ಅಪ್ಪಾ, ಡ್ರೈಯರ್‌ದ ಬಾಯಿ ನಾ ಬಿಚ್ಚಿದ್ದೆ."

ಅಪ್ಪನಿಗೆ ಅರ್ಥವಾಗಲಿಲ್ಲ. "ಏನಂದಿ?"

"ಹೋದ ಐತವಾರ. ಒಳಗ ಏನೈತಿ ನೋಡೂಣಂತ ಬಿಚ್ಚಿ ಖೋಲ್ಯಾಗ ಇಟಗೊಂಡಿದ್ದೆ. ಒದ್ದಿ ಚಾದರದ ಹಂತ್ಯಾಕ. ಸಂಜೀತನಾ ಇತ್ತು. ನೀರ ಅಲ್ಲೇ ಹೊಕ್ಕೈತಿ."

ಅಪ್ಪ ಅಣ್ಣನ ಮೇಲೆ ಎಂದೂ ಕೈ ಮಾಡಿದವನಲ್ಲ. ಆ ಮೈಯನ್ನು ನಾವು ಯಾರೂ ಜೋರಾಗಿ ಮುಟ್ಟುತ್ತಲೂ ಇರಲಿಲ್ಲ. ಅಂದು ಹೊಡೆದ. ಒಂದೇ ಏಟು, ಕೆನ್ನೆಗೆ. ಟವೆಲ್ಲು ಮಣ್ಣಿಗೆ ಬಿತ್ತು. ಅವ್ವ ಓಡಿಬಂದು ಅಣ್ಣನನ್ನು ತಬ್ಬಿಕೊಂಡು, ಅಪ್ಪನ ಕಡೆ ಬೆನ್ನು ಮಾಡಿ ನಿಂತಳು. ಅಣ್ಣ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ, ಸುಮ್ಮನಿರು ಎಂದು. ಚಾದರ ಸರಿದ ಬಾಗಿಲಿನಿಂದ ಅವನು ಆ ದಿನ ಎಲ್ಲವನ್ನೂ ನೋಡಿದ್ದ. ನಾನು ಸುಮ್ಮನಿದ್ದೆ. ಆಯಿಯೂ ಸುಮ್ಮನಿದ್ದಳು. ಅವಮಾನ ಅಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಲಿಲ್ಲ, ಅದನ್ನು ಆ ಬೇವಿನ ಗಿಡದ ಕೆಳಗೆ ಪೂರ್ತಿ ಅನುಭವಿಸಿದೆ.

ಅಪ್ಪ ತನ್ನ ಅಂಗೈ ನೋಡಿಕೊಂಡು, ಗಾಡಿಯ ಹತ್ತಿರ ಹೋಗಿ ಬೋಲ್ಟು ತಿರುವುವ ಪಾನಾ ತೆಗೆದುಕೊಂಡ. ನೀರು ಎಲ್ಲಿದೆ ಎಂದು ಈಗ ಗೊತ್ತಾಗಿತ್ತಲ್ಲ. ಗ್ಯಾಸು ಬಿಟ್ಟು, ಡ್ರೈಯರು ಬಿಚ್ಚಿ, ಮೂತಿಗೆ ಹಾಕಲು ಪೆಟ್ಟಿಗೆಯಲ್ಲಿದ್ದ ಆ ಎರಡು ರಬ್ಬರ್ ಮುಚ್ಚಳ ಹುಡುಕಿ ತೆಗೆದ. ಒಂದನ್ನು ತಿರುಗಿಸಿ ಒಳಗೆ ನೋಡಿದ. ಬೆಳಕಿಗೆ ಹಿಡಿದು ಮತ್ತೆ ನೋಡಿದ.  ಎರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು, ಡಬ್ಬಿಯ ಮೂತಿಗೆ ಬಟ್ಟೆ ಸುತ್ತಿದ.

ಬೆಳಗಾವಿಯಿಂದ ಹೊಸದು ತರಲು ದಿನವಿರಲಿಲ್ಲ. ರವಿವಾರ ಬೆಳಿಗ್ಗೆ ಅಪ್ಪ ಅವ್ವನ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತ. ಅವಳು ಹಿಂದಿನ ಸಂಜೆಯಿಂದ ಅವನೊಡನೆ ಮಾತಾಡಿರಲಿಲ್ಲ.

"ಶೇಂಗಾ ಹುರಿಯೂ ಉಸುಕ ಬೇಕಾಗಿತ್ತು. ಡಬ್ಬೀನ ಬಿಸಿ ಉಸಕಿನ್ಯಾಗ ಹುಗದು, ಒಂದ ಬಾಯಿ ಮುಚ್ಚಿ, ಇನ್ನೊಂದ ಬಾಯಿಗೆ ಪಂಪ ಹಚ್ಚಿ ಎಳಿಬೇಕು. ನೇರ ಬೆಂಕಿ ಆದ್ರ ಕೆಡತೈತಿ. ಉಸಕಿನ ಬಿಸಿ ಹದ ನನಗ ತಿಳ್ಯಾಂಗಿಲ್ಲ. ನಿನಗ ತಿಳಿತೈತಿ."

ಅವ್ವ ಎದ್ದು, ದೊಡ್ಡ ಬಾಣಲೆ ಒಲೆಯ ಮೇಲಿಟ್ಟು, ಉಸುಕು ಸುರಿದಳು. ಆ ದಿನ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಆಗಲಿಲ್ಲ. ಬಾಣಲೆಯ ನಡುವೆ ಕರೀ ಡಬ್ಬಿ, ಅದರಿಂದ ತಾಮ್ರದ ಪೈಪು, ಆಚೆ ಡುರ್‌ಗುಟ್ಟುವ ಪಂಪು. ಅವ್ವ ಆಗಾಗ ಉಸುಕಿನಲ್ಲಿ ನಾಲ್ಕು ಶೇಂಗಾ ಹಾಕಿ, ಅವು ಎಷ್ಟು ಹೊತ್ತಿಗೆ ಚಟಪಟ ಎನ್ನುತ್ತವೆ ನೋಡಿ, ಕಟ್ಟಿಗೆ ಹಿಂದೆ ಮುಂದೆ ಮಾಡುತ್ತಿದ್ದಳು. ಬೆಳಿಗ್ಗೆಯಿಂದ ಹೊತ್ತು ಇಳಿಯುವವರೆಗೆ ಅವಳು ಆ ಒಲೆ ಬಿಟ್ಟು ಏಳಲಿಲ್ಲ. ಬೆವರು ಅವಳ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಸಂಜೆ ಅಪ್ಪ ಬಿಸಿ ಡಬ್ಬಿಯನ್ನು ಹಾಗೆಯೇ ಒಯ್ದು ಜೋಡಿಸಿ, ಗಾಳಿ ಎಳೆದು, ಉಳಿದ ಗ್ಯಾಸು ತುಂಬಿದ. ಗಾಡಿ ನಿಂತಲ್ಲೇ ಒಂದು ತಾಸು ಓಡಿತು. ಅವ್ವ ಒಳಗೆ ಒಬ್ಬಳೇ ಕೂತಿದ್ದಳು. ಇಳಿದು ಬಂದು ಅಂದದ್ದು ಇಷ್ಟೇ.

"ಸಂಜೀ ಹೊತ್ತು ಇದು. ಖರೆ ನೋಡೂದು ನಾಳಿ ಮಧ್ಯಾಹ್ನ. ನಾನೂ ಬರ್ತೀನಿ."

ನಾನೂ ಹೋದೆ. ಅಣ್ಣ ಪರೀಕ್ಷೆ ಬರೆದು ಹೊರಗೆ ಬಂದಾಗ ಜಮಖಂಡಿಯ ರಸ್ತೆಯ ಡಾಂಬರು ಕರಗಿ ಹೊಳೆಯುತ್ತಿತ್ತು. ಗಾಡಿ ಹತ್ತಿದ. ಥಂಡಿ ಬಂತು. ನಾನು ಅಪ್ಪನ ಕೈಗಡಿಯಾರ ನೋಡುತ್ತಿದ್ದೆ. ಊರು ದಾಟಿ ಸ್ವಲ್ಪ ದೂರಕ್ಕೆ, ಹಿಂದಿನ ವರ್ಷ ಬಸ್ಸು ನಿಂತಿದ್ದ ಜಾಗದ ಹತ್ತಿರವೇ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಮುಂದೊಂದು ಟ್ರೇಲರು ಮಗುಚಿ ರಸ್ತೆ ಬಂದ್ ಆಗಿತ್ತು. ಅವ್ವ ಕಾಲುವೆಯ ಕಡೆ ನೋಡಿದಳು, ಅದು ಒಣಗಿತ್ತು. ಹದಿನೈದು ನಿಮಿಷವಾಯಿತು. ಅಪ್ಪ ಹಿಂದಿನ ಸೀಟಿನತ್ತ ಗಾಳಿ ಹೋಗುವಂತೆ ಮೂರೂ ಜಾಲರಿ ತಿರುಗಿಸಿದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇಪ್ಪತ್ತು ನಿಮಿಷವಾಯಿತು.  ನಾನು ಬೀರಪ್ಪನನ್ನು ಕರೆಯಲಿಲ್ಲ, ಕರೆಯುವ ಮುಖ ನನಗಿರಲಿಲ್ಲ. ಇಪ್ಪತ್ತೈದಾಯಿತು. ಅಣ್ಣ ನನ್ನ ಕೈ ಎಳೆದು ತನ್ನ ಕುತ್ತಿಗೆಯ ಹಿಂದೆ ಇಟ್ಟುಕೊಂಡ. ತಣ್ಣಗಿತ್ತು, ಬೆಳಗಿನ ಜಾವದ ಕೊಡದ ಹಾಗೆ.

"ಇನ್ನರ ಉಸರ ಬಿಡ ಲೇ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದ.

ಟ್ರ್ಯಾಕ್ಟರು ಸರಿಯಲು ಮುಕ್ಕಾಲು ತಾಸು ಹಿಡಿಯಿತು. ಥಂಡಿ ನಿಲ್ಲಲಿಲ್ಲ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಯವರೆಗೂ ಅತ್ತಳು, ನಾವು ಯಾರೂ ಸಮಾಧಾನ ಮಾಡಲಿಲ್ಲ. ಉಳಿದ ಪೇಪರುಗಳೂ ಮುಗಿದವು, ಅಣ್ಣ ಪಾಸಾದ. ಈಗ ಅವನು ಜಮಖಂಡಿಯ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರು. ವರ್ಷವಿಡೀ ಸ್ವೆಟರು ಹಾಕಿಕೊಂಡು ಕೂತಿರುತ್ತಾನೆ, ಹೋದವರಿಗೆಲ್ಲ ತಾನು ಸ್ವಿಟ್ಜರ್ಲೆಂಡಿನಲ್ಲಿ ಇರುವುದಾಗಿ ಹೇಳುತ್ತಾನೆ. ನಾನು ಮಾಸ್ತರಿಣಿಯಾದೆ. ಮಕ್ಕಳಿಗೆ ಏನನ್ನಾದರೂ ಮುಟ್ಟಬೇಡ ಅಂದರೆ ಯಾಕೆಂದು ಹೇಳದೆ ಬಿಡುವುದಿಲ್ಲ. ತರಗತಿಯಲ್ಲಿ ತಪ್ಪು ಯಾರದು ಎಂದು ಕೇಳಿದಾಗ, ಕೈ ಎತ್ತಿದವನಿಗಿಂತ ತಲೆ ತಗ್ಗಿಸಿ ಕೂತವರ ಕಡೆಗೇ ನನ್ನ ಕಣ್ಣು ಹೋಗುತ್ತದೆ.

ಕೊನೆಯ ಪೇಪರು ಮುಗಿದ ಮರುದಿನ ಅಪ್ಪ ಗಾಡಿಯನ್ನು ರಬಕವಿಗೆ ಮುಟ್ಟಿಸಿ ಬಂದ. ಅದರ ಮರುದಿನ ರವಿವಾರ. ಆಯಿ ಜಗಲಿ ಸಾರಿಸಿ, ದೀಪ ಹಚ್ಚಿ, ಭಂಡಾರದ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಳು. ನಾನು ಕೊಡ ತುಂಬಿ ತಂದು ಅಲ್ಲೇ ಇಳಿಸುತ್ತಿದ್ದೆ. ಎರಡು ವರ್ಷದಿಂದ ಆ ಕಡೆ ಕಾಲಿಡದ ಅಪ್ಪ ಬಂದು ಜಗಲಿಯ ಹತ್ತಿರ ನಿಂತ. ಆಯಿ ತಲೆ ಎತ್ತಲಿಲ್ಲ. ಎಂದಿನಂತೆ ನನಗೇ ಏನೋ ಹೇಳಿ ಕಳಿಸುತ್ತಾನೆಂದು ನಾನು ಕಾದೆ. ಅಪ್ಪ ಜೇಬಿಗೆ ಕೈ ಹಾಕಿ ಎರಡು ರಬ್ಬರ್ ಮುಚ್ಚಳ ತೆಗೆದ. ಅವುಗಳ ಒಳಗೆ ಭಂಡಾರದ ಹಳದಿ ಇನ್ನೂ ಹಾಗೇ ಅಂಟಿಕೊಂಡಿತ್ತು.  ಅಪ್ಪ ನನ್ನ ಕಡೆ ನೋಡಲಿಲ್ಲ. ಬಾಗಿ ಅವನ್ನು ದೀಪದ ಮುಂದೆ ಇಟ್ಟ.

"ಅವ್ವಾ," ಅಂದ. "ಇವಕ್ಕೂ ಒಂದೀಟು ಭಂಡಾರ ಹಚ್ಚು."

ಆಯಿ ಆ ಮುಚ್ಚಳಗಳನ್ನು ನೋಡಿದಳು. ಬೆರಳನ್ನು ಬಟ್ಟಲಿನಲ್ಲಿ ಅದ್ದಿದಳು. ಎದುರಿನ ಖೋಲಿಯಲ್ಲಿ ಅಣ್ಣ ಚಾದರ ಸರಿಸಿ ನೋಡುತ್ತಿದ್ದ. ಕೊನೆಗೆ ಅವಳು ಮಗನ ಮುಖಕ್ಕೇ ನೋಡಿ ಮಾತಾಡಿದಳು.

"ಬೋರಲ ಇಟ್ಟೀಯಲ್ಲೋ ಯಪ್ಪಾ. ಬಾಯಿ ಮ್ಯಾಲ ಮಾಡಿ ಇಡು."

ಅಪ್ಪ ನೆಲಕ್ಕೆ ಕೂತು, ಒಂದೊಂದಾಗಿ ಎರಡನ್ನೂ ಬಾಯಿ ಮೇಲೆ ಮಾಡಿ ಇಟ್ಟ.